ಯತಿರಾಜನ ಫ್ರೆಂಚ್

ಯತಿರಾಜ್ ಮೊಬೈಲಿನಲ್ಲಿ ಫ್ರೆಂಚ್ ಕಲಿಯಲು ಹೊರಟದ್ದೇ ಎಲ್ಲ ಅನಾಹುತಕ್ಕೂ ಕಾರಣ.

ಮೈಸೂರಿನ ಈತ, ದೋಹಾದ ಅಲ್ ಸದ್ದ್ ಬಡಾವಣೆಯಲ್ಲಿದ್ದ ಪುಟ್ಟ ಫ್ರೆಂಚ್ ವಿಡಿಯೋ ಗೇಮ್ ಸ್ಟುಡಿಯೋದ ಆಫೀಸು ನೋಡಿಕೊಳ್ಳುತ್ತಿದ್ದ. ಮಾಲೀಕ ಎಡ್ವರ್ಡ್ ಫ್ರಾನ್ಸಿನ ಲಿಯಾನ್ ಊರಿನವನು. ರೇಸಿನಿಂದ ತಪ್ಪಿಸಿಕೊಂಡ ಒಂಟೆ ಊರೆಲ್ಲ ಓಡುವ ಅವನ ಮೊದಲ ಆಟಕ್ಕೆ ಮಕ್ಕಳು ಮುಗಿಬಿದ್ದಿದ್ದರು. ಆ ಹುಮ್ಮಸ್ಸಿನಲ್ಲಿ ಅವನು ದೊಡ್ಡ ಆಫೀಸು ಹಿಡಿದು, ಕಳೆದುಹೋದ ಚೀಸ್ ಹುಡುಕುವ ಅಜ್ಜಿಯ ಆಟ ಮಾಡಿದ. ಅಜ್ಜಿಗೆ ಚೀಸ್ ಸಿಕ್ಕಿತು, ಆಟಕ್ಕೆ ಗಿರಾಕಿ ಸಿಗಲಿಲ್ಲ. ಯತಿರಾಜ್ ಗುಟ್ಟಾಗಿ ಬೇರೆ ಕೆಲಸಕ್ಕೆ ಅರ್ಜಿ ಹಾಕತೊಡಗಿದ್ದ.

ಗುರುವಾರ ಬೆಳಿಗ್ಗೆ ಎಡ್ವರ್ಡ್ ಫೋನಿನಲ್ಲಿ ಮತ್ತೆ ಮತ್ತೆ ‘ವಾಂದ್ಯು’ ಎನ್ನುವುದು ಯತಿರಾಜನ ಕಿವಿಗೆ ಬಿತ್ತು. ಹಾಗೆಂದರೆ ‘ಮಾರಾಟವಾಯಿತು’. ಯಾವುದೋ ದೊಡ್ಡ ಕಂಪನಿ ಸ್ಟುಡಿಯೋ ಕೊಂಡಿದೆ ಎಂದು ತೀರ್ಮಾನಿಸಿದ ಅವನು, ಚಿತ್ರ ಬಿಡಿಸುವ ರೋಶ್ನಿಗೆ ಹೇಳಿದ. ಆಮೇಲೆ ಹೆಂಡತಿ ರತ್ನಪ್ರಭಾಗೆ. ಅಷ್ಟರಲ್ಲಿ ಅಲ್ ಹಿಲಾಲ್ ಬಡಾವಣೆಯ ಟ್ರಾವೆಲ್ ಏಜೆನ್ಸಿಯಿಂದ ಕೆಲಸಕ್ಕೆ ಕರೆ ಬಂತು. ಈಗ ತನಗೆ ಅದರ ಅಗತ್ಯವಿಲ್ಲವೆಂದು ಯತಿರಾಜ್ ಮದುಮಗನ ಬಿಗುಮಾನದಲ್ಲಿ ಹೇಳಿ ಫೋನಿಟ್ಟ.

ಮಧ್ಯಾಹ್ನ ರತ್ನಪ್ರಭಾ ಶ್ಯಾವಿಗೆ ಪಾಯಸದ ಪಾತ್ರೆ ಹೊತ್ತು ಬಂದಳು. ಹಿಂದೆಯೇ ಪಕ್ಕದ ಮನೆಯ ಉಡುಪಿಯ ಯೂಸ್ಟೇಸ್, ಒಂದು ಕೈಯಲ್ಲಿ ಕೇಕು, ಇನ್ನೊಂದರಲ್ಲಿ ಗಿಟಾರು. ಆಗಲೇ ಇಬ್ಬರು ಆಳುಗಳು ನುಗ್ಗಿ ಕುರ್ಚಿಗಳನ್ನು ಹೊರತೊಡಗಿದರು. ರೋಶ್ನಿಯನ್ನೂ ಎಬ್ಬಿಸಿ ಅವಳ ಕುರ್ಚಿ ಒಯ್ದರು.

“ಹೊಸ ಕಂಪನಿಯವರು ಹೊಸಾದು ಹಾಕಿಸ್ತಾರೆ ಬಿಡಮ್ಮ,” ಎಂದು ಯತಿರಾಜ್ ಸಮಾಧಾನ ಹೇಳಿದ.

ಎಡ್ವರ್ಡ್ ಹೊರಬಂದವನು ಪಾಯಸ, ಕೇಕು, ಗಿಟಾರು ನೋಡಿ ಕಣ್ಣೀರಾದ. ಸ್ಟುಡಿಯೋ ಮುಚ್ಚಿದ್ದೇನೆ, ಮೇಜು-ಕುರ್ಚಿಗಳೆಲ್ಲ ಒಂದು ಚಹದಂಗಡಿಗೆ ಮಾರಾಟವಾಗಿವೆ, ನಿಮಗೆ ಹೇಗೆ ಹೇಳಲಿ ಎಂದು ಒದ್ದಾಡುತ್ತಿದ್ದೆ, ನೀವೇ ತಿಳಿದುಕೊಂಡು ಇಷ್ಟು ಪ್ರೀತಿಯಿಂದ ಬೀಳ್ಕೊಡಲು ಬಂದಿದ್ದೀರಿ ಎಂದು ಇಂಗ್ಲಿಷಿನಲ್ಲಿ ಗದ್ಗದಿತನಾದ.

ಯತಿರಾಜನ ಮುಖ ನೆನೆದ ಹಪ್ಪಳದಂತಾಯಿತು. ರತ್ನಪ್ರಭಾಳೇ ಎಡ್ವರ್ಡನ ಕೈಗೆ ಪಾಯಸದ ಲೋಟ ಕೊಟ್ಟಳು.

ಎರಡನೇ ಲೋಟ ಮುಗಿಯುವಷ್ಟರಲ್ಲಿ ಅವನಿಗೆ ಹೊಸ ಹುರುಪು ಬಂತು. ಇಂಥ ಜನರನ್ನು ಬಿಟ್ಟು ಹೋಗಲಾರೆ, ಲಿಯಾನ್ ಟಿಕೆಟ್ ರದ್ದು, ಹೊಸ ಸ್ಟುಡಿಯೋಗೆ ಯತಿರಾಜನೇ ಪಾಲುದಾರ ಎಂದು ಘೋಷಿಸಿದ. ರೋಶ್ನಿ ಚಪ್ಪಾಳೆ ತಟ್ಟಿದಳು. ಯೂಸ್ಟೇಸ್ ಗಿಟಾರು ಮೀಟುತ್ತ, ಆಫೀಸಿಗೆ ಜಾಗದ ಚಿಂತೆಯೇ ಬೇಡವೆಂದು ಎಡ್ವರ್ಡನಿಗೆ ಭರವಸೆ ಕೊಟ್ಟ.

“ಯತಿಯ ಮನೆ ಹಾಲ್ ಸಾಕಷ್ಟು ದೊಡ್ಡದುಂಟು ಮಾರಾಯ್ರೆ,” ಎಂದು ರತ್ನಪ್ರಭಾಳಿಗೂ ವಿವರಿಸಿದ.

ಎಡ್ವರ್ಡ್ ಯತಿರಾಜನನ್ನು ಬಿಗಿಯಾಗಿ ಅಪ್ಪಿಕೊಂಡ. ಅವನ ಹಿಡಿತ ಸಡಿಲವಾದ ಮೇಲೆ ರತ್ನಪ್ರಭಾ ಗಂಡನ ತೋಳು ಹಿಡಿದು ಪಕ್ಕಕ್ಕೆಳೆದಳು.

“ಪಾಲುದಾರರಿಗೆ ಸಂಬಳ ಎಷ್ಟಂತೆ?”

“ಅವರಿಗೆ ಸಂಬಳ ಇರಲ್ವಂತೆ ಕಣೆ,” ಎಂದ ಯತಿರಾಜ್. “ಭಾನುವಾರದಿಂದ ಎಡ್ವರ್ಡ್ ನಮ್ಮನೆಗೆ ತಿಂಡಿ ಹೊತ್ತಿಗೇ ಬಂದುಬಿಡ್ತಾರಂತೆ.”