ಬೆಂಚಿನೊಳಗಿನ ತಾಳ

ರೇವಣಸಿದ್ದನ ಬಲಗಾಲಿಗೆ ಸುಮ್ಮನಿರುವುದೇ ಗೊತ್ತಿಲ್ಲ. ಕಂಪ್ಲಿಯಲ್ಲಿ ಅವನದೇ ಅಕ್ಕಿ ಗಿರಣಿ. ಕೂತರೆ ಸಾಕು, ಗಿರಣಿಯ ಜೊತೆಗೆ ಕಾಲೂ ಗಡಗಡ ಶುರು. ಕಾಲು ಕುಣಿಸಿದರೆ ಮನೆಗೆ ದರಿದ್ರವಂತೆ! ಎರಡು ಸಂಬಂಧಗಳು ಹೀಗೇ ಮುರಿದಿದ್ದವು. ಮೂರನೆಯದು ಪಕ್ಕದ ಮೆಟ್ರಿ ಊರಿನ ಕಾವ್ಯ. ಅವಳ ಫೋಟೊ ನೋಡಿದಾಗಿನಿಂದ ಪಾಪ, ಇವನಿಗೆ ಊಟವೇ ಸೇರುತ್ತಿರಲಿಲ್ಲ.

"ಇವತ್ತ ಕುಣಿಸಿದ್ಯೋ, ಕಾಲ್ ಮುರೀತೀನಿ ನೋಡು," ಎಂದಳು ಹೆಣ್ಣು ನೋಡಲು ಹೊರಟಾಗ ತಾಯಿ ಕೊಟ್ರಬಸಮ್ಮ.

"ಚಿಂತಿ ಮಾಡಬ್ಯಾಡ್ರಿ ಚಿಗವ್ವ, ನಾ ಅದೀನಲ್ಲ," ಎಂದ ಪಕ್ಕದ ಮನೆಯ ಸಿದ್ದಲಿಂಗೇಶ. ದೂರದ ಸಂಬಂಧಿ, ಅವನೂ ಕನ್ಯೆ ಸಿಗದೆ ಕೂತವನೇ. ಮಂದಿಯ ಕೆಲಸವೆಂದರೆ ಕರೆಯುವ ಮುಂಚೆ ಚಪ್ಪಲಿ ಮೆಟ್ಟಿ ನಿಲ್ಲುವವನು.

ಮೆಟ್ರಿಯಲ್ಲಿ ಗಂಡಿನವರನ್ನು ಉದ್ದನೆಯ ಬೆಂಚಿನ ಮೇಲೆ ಕೂರಿಸಿದರು. ಕಾವ್ಯ ಮಿರ್ಚಿ, ಚಹಾ ಕೊಟ್ಟು, ನಾಚಿಕೆಯೇನೂ ಪಡದೆ ಅದೇ ಬೆಂಚಿನ ಆ ತುದಿಯಲ್ಲಿ ಕೂತಳು. ಅಷ್ಟೇ, ಕಾಲು ಶುರು! ಸಿದ್ದಲಿಂಗೇಶ ತಟ್ಟನೆ ಗೆಳೆಯನ ಪಾದದ ಮೇಲೆ ತನ್ನ ಪಾದವಿಟ್ಟು, ತೊಡೆಗೆ ತೊಡೆ ಒತ್ತಿ ಅದುಮಿ ಹಿಡಿದ. ಕಾಲೇನೋ ನಿಂತಂತೆ ಕಂಡಿತು. ನಡುಕವೆಲ್ಲ ಸಿದ್ದಲಿಂಗೇಶನ ಮೈಯೇರಿ, ಅವನ ಕೈಯಲ್ಲಿನ ಕಪ್ಪುಬಸಿ ಕಿಣಿಕಿಣಿ ಎನ್ನತೊಡಗಿತು.

"ಹುಡುಗಗ ಕಾಲ್ ಕುಣಿಸೋ ಚಟ ಐತಂತಲ್ರಿ?" ಎಂದರು ಹುಡುಗಿಯ ತಂದೆ ಹಾಲಸ್ವಾಮಿ.

"ಅಯ್ಯ, ಯಾರ್ ಹೇಳಿದ್ರೀ? ಕೊಟ್ರೇಶನ ಆಣಿ, ನನ್ ಮಗ ಕಲ್ಲಿನಂಗ ಕುಂದರ್ತಾನ!" ಎಂದಳು ಕೊಟ್ರಬಸಮ್ಮ.

"ಹಂಗಾರ ಬ್ಯಾಡ್ರಿ," ಎಂದಳು ಕಾವ್ಯ.

ಎಲ್ಲರ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ನಾನು ಭತ್ತದ ಜಿಗಿಹುಳದ ಮ್ಯಾಲ ಓದಾಕತ್ತೀನ್ರಿ. ಗಂಡುಹುಳ ಹೊಟ್ಟಿ ಕುಣಿಸಿ ಭತ್ತದ ದಂಟು ನಡುಗಿಸ್ತೈತಿ. ಹೆಣ್ಣು ಅದನ್ನ ಕಾಲಾಗ ಹಿಡೀತೈತಿ. ತಾಳ ಹಿಡಿಸಿದ್ರ ತಾನೂ ಕುಣಿಸಿ ಉತ್ತರ ಕೊಡ್ತೈತಿ. ಆಸ್ತಿ ಕೇಳಂಗಿಲ್ಲ, ಜಾತಕ ನೋಡಂಗಿಲ್ಲ." ಅವಳು ನಕ್ಕಳು. "ಕುಂತಾಗಿಂದ ಈ ಬೆಂಚಿನಾಗೂ ಒಂದು ತಾಳ ಬರಾಕತ್ತೈತ್ರಿ. ಭಾಳ ಚಲೋ ಐತಿ. ನಂಗ ಮನಸಿಗೆ ಬಂತು."

ರೇವಣಸಿದ್ದನ ಎದೆ ಹಿಗ್ಗಿತು. 'ಅದು ನಂದೇ ರೀ!' ಎನ್ನಬೇಕು, ತಾಯಿ ಕಣ್ಣು ಕೆಕ್ಕರಿಸಿದಳು. ಹಾಕಿದ ಆಣೆ ಇನ್ನೂ ಬಿಸಿಯಾಗಿತ್ತು. ಅಷ್ಟರಲ್ಲಿ ಕಾವ್ಯಳ ಬೆರಳು ಕಿಣಿಗುಟ್ಟುವ ಕಪ್ಪಿನತ್ತ ತಿರುಗಿತು.

"ಇವ್ರು ಯಾರ್ರಿ? ಲಗ್ನ ಆಗೈತೇನ್ರಿ?"

"ಇ... ಇಲ್ರಿ," ಎಂದ ಸಿದ್ದಲಿಂಗೇಶ, ಕಿವಿಯವರೆಗೂ ಕೆಂಪಾಗಿ.

ಮಧ್ಯಾಹ್ನದೊಳಗೆ ಲಗ್ನ ಗೊತ್ತಾಗಿ, ನಿಶ್ಚಯದ ಸಕ್ಕರೆ ಸಿದ್ದಲಿಂಗೇಶನ ಬಾಯಿಗೇ ಬಿತ್ತು.

ಸಂಜೆ ಗಿರಣಿಯಲ್ಲಿ ರೇವಣಸಿದ್ದ ಮುಖ ಊದಿಸಿಕೊಂಡು ಕೂತಿದ್ದ. ಸಿದ್ದಲಿಂಗೇಶ ಓಡಿಬಂದು ಅವನ ಕೈ ಹಿಡಿದ.

"ಸಿಟ್ಟಾಗಬ್ಯಾಡೋ ದೋಸ್ತಾ. ನಾಳೆ ಆಕಿ ನಮ್ಮನೀಗೆ ಬರ್ತಾಳ. ನಂಗ ಕಾಲ್ ಕುಣಿಸಾಕ ಬರಂಗಿಲ್ಲ. ಜಲ್ದಿ ಕಲಿಸೋ!"

ಬೈದು ಓಡಿಸಬೇಕೆಂದುಕೊಂಡ ರೇವಣಸಿದ್ದ. ಆದರೆ ಕೂತಿದ್ದನಲ್ಲ, ಕಾಲು ಆಗಲೇ ಪಾಠ ಶುರು ಮಾಡಿತ್ತು.