ಗುಂಡಿಗೆ ಹೇಳಿದ ಕತೆ

ಒಂದಾನೊಂದು ಊರಿನಲ್ಲಿ ಒಂದು ಗುಂಡಿ ಇತ್ತು. ಆ ಗುಂಡಿಗೆ ಇನ್ನೂರ ಹನ್ನೆರಡು ಮಕ್ಕಳು, ಏಳು ಜನ ಮೇಷ್ಟ್ರುಗಳು ಮತ್ತು ಒಬ್ಬ ಅಡುಗೆಯಮ್ಮ ಬೆಳಗ್ಗೆಯಿಂದ ಸಂಜೆಯವರೆಗೆ ಕಪ್ಪಕಾಣಿಕೆ ಸಲ್ಲಿಸುತ್ತಿದ್ದರು. ಗುಂಡಿ ಮೂವತ್ತು ವರ್ಷ ಮರುಮಾತಿಲ್ಲದೆ ಎಲ್ಲವನ್ನೂ ನುಂಗಿತು. ಮೂವತ್ತೊಂದನೆಯ ವರ್ಷ ಅದಕ್ಕೆ ಅಜೀರ್ಣವಾಯಿತು.

ನಮ್ಮಜ್ಜಿ ಇದ್ದಿದ್ದರೆ ಹೀಗೇ ಶುರುಮಾಡುತ್ತಿದ್ದಳು. ನಾನು ಅವಳ ಕತೆಗಳನ್ನೇ ಉಂಡು ಬೆಳೆದವಳು. ಈಗಲೂ ಬಸ್ಸಿನಲ್ಲಿ ಕೂತರೆ ಕಿಟಕಿಯಾಚೆಯ ಬಂಡೆಗಳೆಲ್ಲ ಮಲಗಿದ ರಾಕ್ಷಸರಾಗಿ ಕಾಣುತ್ತವೆ, ಇಳಿಯಬೇಕಾದ ಊರು ಹಿಂದೆ ಹೋಗಿಬಿಟ್ಟಿರುತ್ತದೆ. ಆದರೆ ಈ ಕತೆಯ ಊರು ಕೋಲಾರದ ಕಡೆಯ ಗುಂಡ್ಲಹಳ್ಳಿ. ಗುಂಡಿ ಎಂದರೆ ನಮ್ಮ ಶಾಲೆಯ ಸೆಪ್ಟಿಕ್ ಟ್ಯಾಂಕು. ನಾನು ಅಲ್ಲಿ ಕನ್ನಡ ಕಲಿಸುವ ಅತಿಥಿ ಶಿಕ್ಷಕಿ.

ಟ್ಯಾಂಕು ಉಕ್ಕಿ, ಅದರ ನೀರು ಹಿಂದಿನ ಕಾಲುವೆಗಿಳಿದು, ಕಾಲುವೆಯ ವಾಸನೆ ಜಿಲ್ಲಾ ಕಚೇರಿಯ ಮೂಗಿಗೆ ಮುಟ್ಟಿ, ಅಲ್ಲಿಂದ ಒಂದು ನೋಟೀಸು ಬಂತು. ಶಾಲೆಯಿಂದ ಹೊರಹೋಗುವ ಕೊಳಚೆ ನೀರು ನಲವತ್ತೈದು ದಿನದೊಳಗೆ ನಿಯಮದ ಮಿತಿಗೆ ಬರಬೇಕು, ಇಲ್ಲವಾದರೆ ಶೌಚಾಲಯಕ್ಕೆ ಬೀಗ. ಶೌಚಾಲಯವಿಲ್ಲದ ಶಾಲೆಗೆ ಅನುಮತಿ ಇಲ್ಲ. ಮಕ್ಕಳು ಹೆದ್ದಾರಿ ದಾಟಿ ಒಂಬತ್ತು ಕಿಲೋಮೀಟರ್ ಆಚೆಯ ಶಾಲೆಗೆ ಹೋಗಬೇಕು.

"ಗಂಡುಮಕ್ಕಳು ಹೆಂಗೋ ಹೋಗ್ತಾವೆ. ಹೆಣ್ಣುಮಕ್ಕಳನ್ನ ಅರ್ಧಕ್ಕರ್ಧ ಮನೇಲೇ ಕೂರಿಸ್ತಾರೆ, ಬರೆದಿಟ್ಕೊಳಿ," ಎಂದರು ಹೆಡ್ಮೇಷ್ಟ್ರು ಬೈರಾರೆಡ್ಡಿ. ಅಂದಿನಿಂದ ಅವರು ಊಟ ಬಿಟ್ಟರು, ನಿದ್ದೆ ಬಿಟ್ಟರು. ತಲೆಗೆ ಬಣ್ಣ ಹಚ್ಚುವುದೊಂದನ್ನು ಬಿಡಲಿಲ್ಲ.

ಆಗ ರಂಗಕ್ಕಿಳಿದವಳು ನಮ್ಮ ದೊಡ್ಡಮ್ಮ ಅಲಮೇಲಮ್ಮ.

ದೊಡ್ಡಮ್ಮ ಮೂವತ್ತನಾಲ್ಕು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಬೇರೆಯವರ ಪ್ರಯೋಗಗಳಿಗೆ ಗಾಜಿನ ಸಾಮಾನು ತೊಳೆದುಕೊಟ್ಟವಳು. ನಿವೃತ್ತಿಯಾದ ಮಾರನೆಯ ದಿನದಿಂದಲೇ ತನ್ನ ಪ್ರಯೋಗ ಶುರುಮಾಡಿದಳು. ಅವಳ ದೋಸೆ ಮಗುಚುವ ಯಂತ್ರ ದೋಸೆಯನ್ನು ಚೆನ್ನಾಗಿಯೇ ಮಗುಚುತ್ತದೆ. ಆದರೆ ಮಗುಚಿದ ದೋಸೆ ಬಂದು ಬೀಳುವುದು ಪಕ್ಕದ ಮನೆಯ ಅಂಗಳದಲ್ಲಿ. ಪಕ್ಕದ ಮನೆಯವರು ಈಗ ಬೆಳಗ್ಗೆ ಚಟ್ನಿ ಮಾತ್ರ ಅರೆಯುತ್ತಾರೆ.

"ನಲವತ್ತೈದನೇ ದಿನ ಸರ್ಟಿಫಿಕೇಟು ನಿಮ್ಮ ಗೋಡೆ ಮುಂದೆ ಇರಲಿಲ್ಲ ಅಂದ್ರೆ ನಾನು ಅಲಮೇಲುನೇ ಅಲ್ಲ," ಎಂದು ಅವಳು ಹೆಡ್ಮೇಷ್ಟ್ರಿಗೆ ಮಾತು ಕೊಟ್ಟಳು. ಮುಳುಗುವವರಿಗೆ ಹುಲ್ಲುಕಡ್ಡಿ ಸಿಕ್ಕಿತು. ಅವರು ಒಪ್ಪಿದರು.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಯಂತ್ರದ ಪ್ರದರ್ಶನ ನಡೆಯಿತು. ನೋಡಲು ಅದೊಂದು ತಾಮ್ರದ ಹಂಡೆ. ಹೊಟ್ಟೆಗೆ ಹಳೇ ರೇಡಿಯೋದ ಸ್ಪೀಕರು, ಕುತ್ತಿಗೆಗೆ ಮೈಕು, ಬುಡದಲ್ಲಿ ಗುಳುಗುಳು ಎನ್ನುವ ಪಂಪು.

"ಒಂದು ಚಮಚ ಹೆಪ್ಪು ಹಾಕಿದ್ರೆ ಹಂಡೆ ಹಾಲು ಮೊಸರಾಗುತ್ತೋ ಇಲ್ವೋ? ಇದೂ ಹಂಗೇ ಕಣ್ರಪ್ಪ. ಇದು ಹೊಲಸಿಗೆ ಹಾಕೋ ಹೆಪ್ಪು," ಎಂದಳು ದೊಡ್ಡಮ್ಮ. ಹಂಡೆಯೊಳಗಿನ ಜೀವಾಣುಗಳಿಗೆ ಕಿವಿ ಇಲ್ಲದಿದ್ದರೂ ಮೈಯೆಲ್ಲ ಕಿವಿಯಂತೆ. ಮಾತಿನ ಅಲೆಗಳಿಂದ ಅವಕ್ಕೆ ಏನು ಬೇಕಾದರೂ ಕಲಿಸಬಹುದಂತೆ. ಚರಂಡಿಯಿಂದ ತಂದ ಒಂದು ಬಕೆಟ್ ಕಪ್ಪು ನೀರನ್ನು ಹಂಡೆಗೆ ಸುರಿದಳು. ಹತ್ತು ನಿಮಿಷಕ್ಕೆ ನಲ್ಲಿಯಿಂದ ಬೆಳ್ಳಗೆ ತಿಳಿನೀರು ಬಂತು. ಮಕ್ಕಳು ಚಪ್ಪಾಳೆ ತಟ್ಟಿದರು. ಕುಡಿದು ತೋರಿಸಿ ಎಂದರು ಹೆಡ್ಮೇಷ್ಟ್ರು. ಕುಡಿಯಬೇಕು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ ಎಂದಳು ದೊಡ್ಡಮ್ಮ.

ಇಡೀ ಟ್ಯಾಂಕು ನುಂಗಬೇಕಾದರೆ ಜೀವಾಣುಗಳಿಗೆ ಏಳು ದಿನದ ತರಬೇತಿ ಬೇಕಿತ್ತು. ದೊಡ್ಡಮ್ಮ ಮೊದಲು ವಾರ್ತೆ ಕೇಳಿಸಿದಳು. ಅವು ಒಳಗೊಳಗೇ ಜಗಳವಾಡಿ ಹಂಡೆಯ ತುಂಬ ನೊರೆ ಎಬ್ಬಿಸಿದವು. ವಿಜ್ಞಾನ ಪಾಠ ಓದಿದಳು, ನಿದ್ದೆಹೋದವು. ಕೊನೆಗೆ ಮೈಕು ನನ್ನ ಕೈಗೆ ಬಂತು.

"ನಿಮ್ಮಜ್ಜಿ ಕತೆ ಒಂದು ಬಿಡು ಕನ್ನೀ. ಒಂದನೇ ಕ್ಲಾಸಿನ ಮಕ್ಕಳೇ ಕೂತು ಕೇಳ್ತಾವೆ, ಇವು ಕೇಳಲ್ವಾ?" ಎಂದಳು ದೊಡ್ಡಮ್ಮ ನನಗೆ.

ನಾನು ಚೊಕ್ಕಮ್ಮನ ಕತೆ ಹಿಡಿದೆ. ಚೊಕ್ಕಮ್ಮ ಎಷ್ಟು ತಿಂದರೂ ಹಸಿವು ತೀರದ ರಾಕ್ಷಸಿ. ಅವಳು ಪಟ್ಟಣದ ಜನರನ್ನೇ ತಿನ್ನಲು ಬಂದಾಗ ಜಾಣೆ ರಾಜಕುಮಾರಿಯೊಬ್ಬಳು ಅಡ್ಡ ನಿಂತು, ‘ಮನುಷ್ಯರನ್ನು ಬಿಡು. ಈ ಪಟ್ಟಣದಲ್ಲಿ ನೀರಿನಷ್ಟು ತಿಳಿಯಾಗಿಲ್ಲದ್ದು ಏನಿದೆಯೋ ಅದೆಲ್ಲ ನಿನ್ನ ಊಟ’ ಎನ್ನುತ್ತಾಳೆ. ಚೊಕ್ಕಮ್ಮ ಬೀದಿ ನೆಕ್ಕಿದಳು, ಚರಂಡಿ ನೆಕ್ಕಿದಳು, ಕೋಟೆಯ ಕಂದಕ ನೆಕ್ಕಿದಳು. ಹಂಡೆ ಖುಷಿಯಿಂದ ಗುಳುಗುಳು ಎನ್ನುತ್ತಿತ್ತು. ಏಳನೆಯ ದಿನ ಚೊಕ್ಕಮ್ಮ ಅರಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅಂದು ಬಡಿಸುವ ಸರದಿ ನನ್ನದು. ಮೈಕು ಬಿಟ್ಟು ಓಡಿದೆ.

ಅಜ್ಜಿ ಎಚ್ಚರಿಸಿದ್ದಳು, ಅರ್ಧಕ್ಕೆ ನಿಲ್ಲಿಸಿದ ಕತೆಯ ಜನ ಹೊಸಿಲ ಮೇಲೆ ಬಂದು ಕೂತು ‘ಆಮೇಲೆ?’ ಎಂದು ಕೇಳುತ್ತಾರೆ, ಉತ್ತರ ಸಿಗುವವರೆಗೆ ಏಳುವುದಿಲ್ಲ ಎಂದು. ಅಂದು ಮಕ್ಕಳ ತಟ್ಟೆಗೆ ಸಾರು ಬಡಿಸುತ್ತ ಅದನ್ನು ಮರೆತೇಬಿಟ್ಟೆ.

ಹೆಪ್ಪು ಟ್ಯಾಂಕಿಗೆ ಬಿತ್ತು. ವಾರದಲ್ಲಿ ವಾಸನೆ ಹೋಯಿತು. ಎರಡನೆಯ ವಾರ ಕಾಲುವೆಗೆ ಕಪ್ಪೆಗಳು ವಾಪಸ್ ಬಂದವು. ಹೆಡ್ಮೇಷ್ಟ್ರು ಊಟ ಶುರುಮಾಡಿದರು. ನೀರು ವ್ಯರ್ಥವಾಗಬಾರದೆಂದು ಗಿಡಗಳ ನಲ್ಲಿಗೂ ನೆಲ ಒರೆಸುವುದಕ್ಕೂ ಅದನ್ನೇ ತಿರುಗಿಸಿದರು. ಕೊನೆಯಲ್ಲಿ ಇನ್ನೊಂದು ಸಲ ಹಾಕಲೆಂದು ದೊಡ್ಡಮ್ಮ ಮಿಕ್ಕ ಹೆಪ್ಪನ್ನು ಸ್ಟೀಲ್ ಚೊಂಬಿನಲ್ಲಿಟ್ಟು, ತಟ್ಟೆ ಮುಚ್ಚಿ, ಸ್ಟಾಫ್ ರೂಮಿನ ಕಪಾಟಿನಲ್ಲಿ ಇರಿಸಿದಳು. ನೋಡುವುದಕ್ಕೆ ಥೇಟ್ ಮೊಸರು.

ಎಡವಟ್ಟಾಗಿದ್ದು ನಲವತ್ತನಾಲ್ಕನೆಯ ದಿನ. ಬಿಸಿಯೂಟದ ಪಿಳ್ಳಮ್ಮನ ಮನೆಯ ಹೆಪ್ಪನ್ನು ಬೆಕ್ಕು ಕುಡಿದಿತ್ತು. ಮಾರನೆಯ ದಿನ ಮಕ್ಕಳಿಗೆ ಮಜ್ಜಿಗೆ ಕೊಡುವ ಸರದಿ. ಅವಳು ಕಪಾಟಿನ ಚೊಂಬು ನೋಡಿದಳು, ಕೇಳಿ ಪಡೆಯುವುದಕ್ಕೆ ಯಾರೂ ಇರಲಿಲ್ಲ, ಒಂದು ಸೌಟು ತೆಗೆದು ಹಾಲಿಗೆ ಹಾಕಿದಳು. ಅಷ್ಟಕ್ಕೇ ಬಿಟ್ಟಿದ್ದರೆ ಕೆಟ್ಟದ್ದು ಹಾಲು ಮಾತ್ರ. ಆದರೆ ಪಿಳ್ಳಮ್ಮ ಮರ್ಯಾದಸ್ಥೆ. ಹೆಪ್ಪು ಇಸಿದುಕೊಂಡ ಪಾತ್ರೆಯನ್ನು ಸುಮ್ಮನೆ ವಾಪಸ್ ಇಡುವುದುಂಟೇ? ಒಂದು ಮುಷ್ಟಿ ಬೆಲ್ಲ ಹಾಕಿ, ತಟ್ಟೆ ಮುಚ್ಚಿ, ಇದ್ದಲ್ಲೇ ಇಟ್ಟಳು.

ಸಂಜೆ ದೊಡ್ಡಮ್ಮ ಚೊಂಬನ್ನು ತೆರೆದೂ ನೋಡದೆ ಟ್ಯಾಂಕಿಗೆ ಬಗ್ಗಿಸಿದಳು. ಆ ಮುಷ್ಟಿ ಬೆಲ್ಲ ತಿಂದ ಜೀವಾಣುಗಳಿಗೆ ಹಬ್ಬವಾಯಿತು. ಬೆಳಗಾಗುವುದರೊಳಗೆ ಮನೆಮಂದಿ ಸಾವಿರಪಟ್ಟು ಹೆಚ್ಚಿತ್ತು.

ನಲವತ್ತೈದನೆಯ ದಿನ, ಶುಕ್ರವಾರ. ಪಿಳ್ಳಮ್ಮ ಹಾಲಿನ ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ತಿಳಿನೀರು. ತಳದಲ್ಲಿ ಪಾತ್ರೆ ಕೊಟ್ಟವರ ಹೆಸರು ಸ್ಪಷ್ಟವಾಗಿ ಓದಬಹುದಿತ್ತು.

"ಹಾಲು ಎಲ್ಲೋಯ್ತವ್ವ? ನಿನ್ನೆ ನಾನೇ ಕಾಯ್ಸಿ ಇಟ್ಟಿದ್ನಲ್ಲ," ಎಂದು ಅವಳು ನನ್ನನ್ನು ಕೇಳುವ ಹೊತ್ತಿಗೆ ಆರನೇ ತರಗತಿಯಿಂದ ಕೂಗು ಬಂತು. ಒದ್ದೆ ಬಟ್ಟೆಯಲ್ಲಿ ಕಪ್ಪು ಹಲಗೆ ಒರೆಸಿದರೆ ಬರಹದ ಜೊತೆಗೆ ಕಪ್ಪೂ ಹೋಗಿತ್ತು. ಗೋಡೆಯ ಭೂಪಟದ ಧೂಳು ಒರೆಸಿದ ಸಮಾಜ ಮೇಷ್ಟ್ರು ಮೂರು ಸಮುದ್ರಗಳನ್ನು ಕಳೆದುಕೊಂಡಿದ್ದರು. ಗಿಡದ ನಲ್ಲಿಯಲ್ಲಿ ಆಟವಾಡಿದ ಮಕ್ಕಳ ನೀಲಿ ಅಂಗಿ ಬಿಳಿಯಾಗಿ, ಅವರು ಯಾವುದೋ ಬೇರೆ ಶಾಲೆಯ ಮಕ್ಕಳಂತೆ ಪರಸ್ಪರ ಪರಿಚಯ ಮಾಡಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಬಿಳಿ ತಲೆಯ ಹಿರಿಯರೊಬ್ಬರು ಬಂದರು. ನಾವೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದೆವು. ಯಾರು ಬೇಕಾಗಿತ್ತು ಎಂದು ಪಿಳ್ಳಮ್ಮ ವಿನಯದಿಂದ ಕೇಳಿದಳು. ಅವರು ನಮ್ಮ ಹೆಡ್ಮೇಷ್ಟ್ರು. ಆ ನಲ್ಲಿಯಲ್ಲೇ ಮುಖ ತೊಳೆದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಿದ್ದರು! ಅದೇ ಬೆರಳಿನಿಂದ ಹಾಜರಿ ಪುಸ್ತಕ ಮಗುಚಿದರು. ಇನ್ನೂರ ಹನ್ನೆರಡು ಮಕ್ಕಳೂ ಹಾಳೆಯಿಂದ ಮಾಯವಾದರು.

ದೊಡ್ಡಮ್ಮ ಚೊಂಬು ಮೂಸಿದಳು, ಬೆಲ್ಲದ ವಾಸನೆ ಹಿಡಿದಳು. ಅವಳಿಗೂ ಪಿಳ್ಳಮ್ಮನಿಗೂ ಜಗಳ ಶುರುವಾಯಿತು. ಲ್ಯಾಬಿನ ಸಾಮಾನು ಮುಟ್ಟಬಾರದೆಂಬ ಬುದ್ಧಿ ಇಲ್ಲವೇ ಎಂದು ಅವಳು, ಮೊಸರಿನ ಚೊಂಬಿನಲ್ಲಿ ಹೊಲಸು ಇಡುವವರಿಗೆ ಬುದ್ಧಿ ಇದೆಯೇ ಎಂದು ಇವಳು.

"ಬೆಲ್ಲ ಯಾಕೆ ಹಾಕ್ದೆ ಪಿಳ್ಳಮ್ಮ?"

"ಬರೀ ಪಾತ್ರೆ ಕೊಡಕ್ಕೆ ನಾನೇನು ಗತಿ ಇಲ್ದೋಳಾ?"

ಇದಕ್ಕೆ ವಿಜ್ಞಾನದಲ್ಲಿ ಉತ್ತರ ಇರಲಿಲ್ಲ.

ಎರಡು ಗಂಟೆಗೆ ಜೀಪು ಬಂತು. ಇಳಿದ ಅಧಿಕಾರಿಯ ಹೆಸರು ಪರಿಮಳಾ. ಕೆಲಸ, ಊರೂರಿನ ಗುಂಡಿ ಮೂಸುವುದು. ಟ್ಯಾಂಕಿನ ನೀರನ್ನು ಸೀಸೆಗೆ ತುಂಬಿ ಬಿಸಿಲಿಗೆ ಹಿಡಿದರು. ಸೀಸೆ ಖಾಲಿ ಇದ್ದಂತೆ ಕಂಡಿತು. ಪೆಟ್ಟಿಗೆಯಂಥ ತಮ್ಮ ಯಂತ್ರಕ್ಕೆ ಹಾಕಿದರು. ಮಿತಿ ಹತ್ತು ಅಂಕ. ಯಂತ್ರ ತೋರಿಸಿದ್ದು ಸೊನ್ನೆ.

ನಾವು ಮುಖ ಅರಳಿಸಿದೆವು. ಅವರು ಅರಳಿಸಲಿಲ್ಲ.

"ಕೊಳಚೆ ನೀರು ಅಂದ್ಮೇಲೆ ಒಂಚೂರಾದ್ರೂ ಕೊಳಚೆ ಇರಬೇಕಲ್ಲ ಮೇಷ್ಟ್ರೇ. ಇದು ಅಂಗಡಿ ಬಾಟ್ಲಿ ನೀರು. ಸೊನ್ನೆ ಹಾಕಿದ್ರೆ ನಮ್ಮ ಕಂಪ್ಯೂಟರು ‘ಘಟಕ ಚಾಲನೆಯಲ್ಲಿಲ್ಲ’ ಅನ್ನುತ್ತೆ. ಐದು ಗಂಟೆಯೊಳಗೆ ನಿಜವಾದ್ದು ತೋರಿಸಿ, ಇಲ್ಲ ಅಂದ್ರೆ ಬೀಗ."

ಕೊಳಚೆ ಇಲ್ಲದ ಶಾಲೆಯೆಂದು ಶಾಲೆಗೇ ಬೀಗ! ಹೆಡ್ಮೇಷ್ಟ್ರು ಗಂಟೆ ಬಾರಿಸಿ ಇನ್ನೂರ ಹನ್ನೆರಡು ಮಕ್ಕಳನ್ನೂ ಸಾಲಾಗಿ ಶೌಚಾಲಯಕ್ಕೆ ಕಳಿಸಿದರು. ಮಕ್ಕಳು ಶಾಲೆಗಾಗಿ ತಮ್ಮ ಕೈಲಾದದ್ದೆಲ್ಲ ಮಾಡಿದರು. ಟ್ಯಾಂಕು ತಲುಪುವ ಮೊದಲೇ, ಪೈಪಿನಲ್ಲೇ ಎಲ್ಲ ಮಾಯವಾಯಿತು. ಮತ್ತೆ ಸೊನ್ನೆ. ಪರಿಮಳಾ ಮೇಡಂ ಗಿಡದ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಜೀಪಿನಲ್ಲಿ ಕೂತು, ಗಾಜು ಏರಿಸಿ, ಫೋನು ಹಿಡಿದರು.

ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಸೆರಗು ಎಳೆದು, ಹೆದ್ದಾರಿ ಶಾಲೆಗೆ ತಮ್ಮಪ್ಪ ಕಳಿಸುವುದಿಲ್ಲ, ನೀವಾದರೂ ಹೇಳಿ ಮಿಸ್ ಎಂದಳು. ಟ್ಯಾಂಕಿನ ಪಕ್ಕ ಹೋಗಿ ಕೂತೆ. ಒಳಗಿನಿಂದ ಗುಳು... ಗುಳು... ಎಂದು ಸದ್ದು ಬರುತ್ತಿತ್ತು. ನಿಂತು ನಿಂತು, ಕಾದು ಕಾದು ಬರುವ ಸದ್ದು. ಯಾರೋ ‘ಆಮೇಲೆ?’ ಎಂದು ಕೇಳುವ ಹಾಗೆ.

ನಾನು ಎದ್ದು ಓಡಿ ಮೈಕು ತಂದೆ.

"ಆಮೇಲೆ ಚೊಕ್ಕಮ್ಮ ಅರಮನೆಗೆ ಬಂದಳು," ಎಂದೆ. ಗುಳುಗುಳು ತಟ್ಟನೆ ನಿಂತಿತು. ಅವಳು ಕಂಬದ ಬಣ್ಣ ತಿಂದಳು, ರಾಣಿಯ ಕುಂಕುಮ ತಿಂದಳು, ತೋಟದ ಹಸಿರು ತಿಂದಳು. ಎಲ್ಲ ನೀರಿನಷ್ಟು ತಿಳಿಯಾದ ಮೇಲೆ ರಾಜಕುಮಾರಿಯ ಎದುರು ಕೂತು ಹಸಿವು ಹಸಿವು ಎಂದು ಅತ್ತಳು. ರಾಜಕುಮಾರಿ ಅವಳ ತಲೆ ಸವರಿದಳು. ‘ಪಾತ್ರೆ ಬಳಿದು ತಿನ್ನುವವರಿಗೆ ನಾಳೆ ಹಸಿವೇ ಗತಿ ಕಣೆ. ಮೊಸರು ಮುಗಿಸುವಾಗ ಹೆಪ್ಪಿಗೆ ಒಂದು ಚಮಚ ಉಳಿಸುವುದಿಲ್ಲವೇ? ಹಾಗೆ ಸ್ವಲ್ಪ ಉಳಿಸು, ನಾಳೆಗಿರುತ್ತದೆ’ ಎಂದಳು. ಚೊಕ್ಕಮ್ಮನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಂದು ಅವಳು ಒಂದು ಚಮಚ ಉಳಿಸಿದಳು, ತೇಗಿದಳು, ಮಲಗಿದಳು. ಒಲೆಯ ಸೌದೆ ಬೂದಿಯಾಯ್ತು, ಹೇಳಿದ ಕತೆ ನಿದ್ದೆಯಾಯ್ತು.

ಟ್ಯಾಂಕಿನೊಳಗಿಂದ ಒಂದು ದೊಡ್ಡ ತೇಗು ಬಂತು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ನಲವತ್ತೈದು ದಿನದಲ್ಲಿ ಅಷ್ಟು ಸಂತೋಷ ಕೊಟ್ಟ ವಾಸನೆ ಇನ್ನೊಂದಿಲ್ಲ.

ಮರುಪರೀಕ್ಷೆಯಲ್ಲಿ ಬಂದದ್ದು ಎಂಟು. ಪರಿಮಳಾ ಮೇಡಂ ಮೊದಲ ಸಲ ನಕ್ಕರು. ಸರ್ಟಿಫಿಕೇಟು ತೆಗೆದು ಬರೆಯತೊಡಗಿದರು. ಸಹಿಗೆ ಬರುವಷ್ಟರಲ್ಲಿ ಮೇಲಿನ ಸಾಲುಗಳು ಇರಲಿಲ್ಲ. ಪೆನ್ನು ಬದಲಿಸಿದರು. ಕಾಗದ ಬದಲಿಸಿದರು. ಅಚ್ಚಾದ ಲಾಂಛನವೂ ಹೋಯಿತು. ಅವರ ಕೈಗೆ ಹತ್ತಿದ್ದ ಜೀವಾಣುಗಳು ಗಾಜು ಏರಿಸಿದ ಜೀಪಿನಲ್ಲಿದ್ದವು, ಕತೆಯ ಕೊನೆ ಕೇಳಿರಲಿಲ್ಲ. ಒಮ್ಮೆ ಮುಗಿಸಿ ಮಲಗಿಸಿದ ಕತೆಯನ್ನು ಮತ್ತೆ ಮೊದಲಿಂದಲೇ ಹೇಳಬೇಕು, ಅದಕ್ಕೆ ಏಳು ದಿನ ಬೇಕು. ಗಂಟೆ ನಾಲ್ಕಾಗಿತ್ತು. ಅಧಿಕಾರಿ ತಮ್ಮ ಕೈಯಾರೆ ಸಹಿ ಹಾಕಿದ್ದರ ಫೋಟೋ ಐದಕ್ಕೆ ಮುಂಚೆ ಕಚೇರಿ ತಲುಪಬೇಕು.

ಆಗ ಬಾಯಿ ಬಿಟ್ಟವನು ಪಿಳ್ಳಮ್ಮನ ಗಂಡ ಮುನಿಶಾಮಿ. ಅವನು ಕಲ್ಲುಕುಟಿಗ, ಪಕ್ಕದ ಬಂಡೆಯ ಮೇಲೆ ಬೆಳಗ್ಗೆಯಿಂದ ನಮ್ಮ ಗಲಾಟೆ ನೋಡುತ್ತ ಕೂತಿದ್ದ.

"ಮಸಿ ಇದ್ರೆ ತಾನೇ ತಿನ್ನೋದು ಮೇಡಂ? ಕಲ್ಲಲ್ಲಿ ಕೆತ್ತಿದ್ರೆ ಅಕ್ಷರ ಅನ್ನೋದು ಬರೀ ಗುಳಿ. ಗುಳೀನ ಏನಂತ ತಿಂತಾವೆ?"

ಒಗೆಯುವ ಕಲ್ಲಿಗೆಂದು ಸೀಳಿಟ್ಟಿದ್ದ ಚಪ್ಪಡಿಯನ್ನು ಉರುಳಿಸಿ ತಂದರು. ಮುನಿಶಾಮಿಯೂ ಅವನ ಐದು ಜನ ಅಣ್ಣತಮ್ಮಂದಿರೂ ಒಬ್ಬೊಬ್ಬರು ಒಂದೊಂದು ಸಾಲು ಹಂಚಿಕೊಂಡರು. ಮೇಡಂ ಹೇಳುತ್ತಾ ಹೋದರು, ಉಳಿಗಳು ಟಣಟಣ ಎಂದವು. ಶಾಸನ ಎಂದ ಮೇಲೆ ಪದ್ಧತಿ ಬಿಡಬಾರದೆಂದು ಮುನಿಶಾಮಿ ಮೇಲೆ ಸೂರ್ಯಚಂದ್ರರನ್ನು ಕೆತ್ತಿದ. ಕೆಳಗೆ ಶಾಪವಿಲ್ಲದ ಶಾಸನವನ್ನು ಯಾರೂ ನಂಬುವುದಿಲ್ಲವೆಂದು, ‘ಈ ನಿಯಮಕ್ಕೆ ತಪ್ಪಿದವರು ತಮ್ಮ ಗುಂಡಿಯಲ್ಲಿ ತಾವೇ ಬೀಳುವರು’ ಎಂದೂ ಸೇರಿಸಿದ. ಮೇಡಂ ಅದನ್ನು ಎರಡು ಸಲ ಓದಿ, ನಮ್ಮ ಕಾಯ್ದೆಯಲ್ಲಿ ಇದೊಂದೇ ಕಮ್ಮಿ ಇತ್ತು ಎಂದರು. ಐದಕ್ಕೆ ಎರಡು ನಿಮಿಷ ಇರುವಾಗ ಉಳಿ ಹಿಡಿದು, ನಾಲಿಗೆ ಕಚ್ಚಿಕೊಂಡು, ತಮ್ಮ ಕೈಯಾರೆ ಸಹಿ ಕೆತ್ತಿದರು. ಅವರ ಫೋನು ಮುಟ್ಟದೆ ದೊಡ್ಡಮ್ಮನ ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆವು. ಕಂಪ್ಯೂಟರು ಒಪ್ಪಿತು.

ಗೋಡೆಗೆ ಹೊಡೆಯಲು ಆಗಲಿಲ್ಲ, ಗೋಡೆ ತಡೆಯುವುದಿಲ್ಲ. ಗೋಡೆಗೆ ಒರಗಿಸಿ ನಿಲ್ಲಿಸಿದೆವು. ಗೋಡೆ ಮುಂದೆ ಅಂತ ತಾನೇ ನಾನು ಮಾತು ಕೊಟ್ಟಿದ್ದು ಎಂದಳು ದೊಡ್ಡಮ್ಮ. ಹೆಡ್ಮೇಷ್ಟ್ರು ತಮ್ಮ ಬಿಳಿ ತಲೆಯನ್ನು ಕಲ್ಲಿಗೆ ಆನಿಸಿದರು. ಪಿಳ್ಳಮ್ಮ ಚೊಂಬನ್ನು ಬಿಸಿನೀರಲ್ಲಿ ಮೂರು ಸಲ ಬೆಳಗಿ, ಒಳಗೆ ಏನೂ ಹಾಕದೆ, ಬರಿದಾಗಿಯೇ ದೊಡ್ಡಮ್ಮನ ಕೈಗೆ ಕೊಟ್ಟಳು.

ಸೋಮವಾರ ಶಾಲೆಯ ಬಾಗಿಲು ತೆರೆಯಿತು. ಮಕ್ಕಳು ಬೆರಳಿಂದ ಗುಳಿ ಸವರುತ್ತ ಶಾಸನವನ್ನು ಕೊನೆಯವರೆಗೂ ಓದಿದರು. ಸೂರ್ಯಚಂದ್ರರ ಕೆಳಗೆ, ಶಾಪದ ಮೇಲೆ, ಮೇಡಂ ಮರೆಯದೆ ಹೇಳಿ ಕೆತ್ತಿಸಿದ ಸಾಲು ಹೀಗಿದೆ: ಈ ಪತ್ರವು ಮುಂದಿನ ಮಾರ್ಚ್ ಮೂವತ್ತೊಂದರವರೆಗೆ ಮಾತ್ರ ಸಿಂಧು, ನವೀಕರಣಕ್ಕೆ ಮೂಲ ಪ್ರತಿಯನ್ನು ಖುದ್ದಾಗಿ ಕಚೇರಿಗೆ ತರತಕ್ಕದ್ದು.