ಬಿಳಿ ಕಾಣುವ ಕಣ್ಣು

ಮೇಸ್ತ್ರಿ: ಕೊನೇ ಸಲ ಕೇಳ್ತಿದೀನಿ. ನಾನು ಆಸ್ಪತ್ರೆಯಲ್ಲಿದ್ದಾಗ ಈ ಗೋಡೆಗೆ ನೀಲಿ ಬಳಿದೋರು ಯಾರು?

ಹೆಂಡತಿ: ಯಾರೂ ಇಲ್ಲ ಅಂದ್ನಲ್ಲ. ಹೊಡೆದೋರು ನೀವೇ.

ಬಲಗಣ್ಣಿನ ಪೊರೆ ತೆಗೆಸಿ, ಆಗಷ್ಟೇ ಪಟ್ಟಿ ಬಿಚ್ಚಿಸಿಕೊಂಡು ಬಂದ ಬಣ್ಣದ ಮೇಸ್ತ್ರಿ ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯಲ್ಲಿ ಕಂಬದಂತೆ ನಿಂತಿದ್ದ. ಊರಿನ ಅರ್ಧ ಗೋಡೆಗಳು ಅವನ ಕೈ ಕಂಡಿದ್ದವು.

ಮೇಸ್ತ್ರಿ: ನಾನು ಹೊಡೆದಿದ್ದು ಬಿಳಿ! ಹಾಲಿನಂಥ ಬಿಳಿ!

ಹೆಂಡತಿ: ನೀಲಿ ಅಂತ ಅವತ್ತೇ ಬಡ್ಕೊಂಡೆ. ‘ಬಣ್ಣ ನೋಡೋಕೆ ಕಣ್ಣು ಬೇಕು ಕಣೇ, ನಿನಗಿರೋದು ಬರೀ ರೆಪ್ಪೆ’ ಅಂದ್ರಿ.

ಮೇಸ್ತ್ರಿ: ಇದು ನಿನ್ನ ತಮ್ಮನದೇ ಕಿತಾಪತಿ!

ಆ ತಮ್ಮನೂ ಪೇಂಟರೇ. ಬಣ್ಣ ಹೊಡೆದ ದಿನ ಗೋಡೆ ನೋಡಿ ಅವನು ಕಿಸಕ್ಕೆಂದಾಗ, ‘ಇದು ನೀಲಿ ಅಂತ ನನ್ನ ಬಾಯಲ್ಲಿ ಬಂದ ದಿನ ನನ್ನ ಬ್ರಷ್ಷು ನಿನಗೆ, ಮೇಸ್ತ್ರಿನೂ ನೀನೇ’ ಎಂದು ಆಳುಗಳೆದುರಿಗೇ ಮೇಸ್ತ್ರಿ ಮೀಸೆ ತಿರುವಿದ್ದ.

ಹೆಂಡತಿ: ಹೊಸ ಕಣ್ಣು ಮುಚ್ಚಿ ನೋಡಿ.

ಮುಚ್ಚಿದ. ಗೋಡೆ ಬೆಳ್ಳಗಿತ್ತು. ಹಳೆಯದನ್ನು ಮುಚ್ಚಿದ. ನೀಲಿ!

ಮೇಸ್ತ್ರಿ: ಥೂ! ಆ ಡಾಕ್ಟರು ಕಣ್ಣೊಳಗೆ ನೀಲಿ ಗಾಜು ಕೂರಿಸಿದಾನೆ ಕಣೇ!

ಅವಳು ಹಾಲಿನ ಪಾತ್ರೆ ತಂದು ಮೂಗಿನ ಕೆಳಗೆ ಹಿಡಿದಳು.

ಹೆಂಡತಿ: ಹೊಸ ಕಣ್ಣಲ್ಲೇ ನೋಡಿ. ಇದು?

ಮೇಸ್ತ್ರಿ: ಬಿಳಿ.

ಹೆಂಡತಿ: ಏನು, ಗೋಡೆಗೊಂದು ಗಾಜು, ಹಾಲಿಗೊಂದು ಗಾಜು ಕೂರಿಸಿದಾರಾ? ಪೊರೆ ಹಳದಿಗಟ್ಟಿತ್ತು ರೀ. ಬಿಳಿ ಬಣ್ಣ ನಿಮಗೆ ಹಳದಿ ಕಾಣ್ತಿತ್ತು. ಅದನ್ನ ಹೊಡೆದುಹಾಕೋಕೆ ಡಬ್ಬಕ್ಕೆ ನೀಲಿ ಸುರಿದ್ರಿ. ಡಾಕ್ಟ್ರೇ ಬಿಡಿಸಿ ಹೇಳಿದ್ರು.

ಮೇಸ್ತ್ರಿ: ಹಾಗಿದ್ರೆ ನನ್ನ ತಲೆಗೆ ಗೊತ್ತಾಗ್ತಿರಲಿಲ್ವಾ?

ಹೆಂಡತಿ: ಕಣ್ಣು ಕೊಟ್ಟಿದ್ದನ್ನ ತಲೆ ನಂಬ್ತು. ಹೆಂಡತಿ ಹೇಳಿದ್ದನ್ನ ನಂಬೋ ಅಭ್ಯಾಸ ಅದಕ್ಕೆಲ್ಲಿತ್ತು?

ಅಷ್ಟರಲ್ಲಿ ಭಾವಮೈದ ಹಲ್ಲು ಕಿರಿಯುತ್ತ ಒಳಗೆ ಬಂದ. ಮೂಲೆಯಲ್ಲಿದ್ದ ಬ್ರಷ್ಷನ್ನು ಕೈಗೆತ್ತಿಕೊಂಡು ಕೂದಲು ಸವರತೊಡಗಿದ.

ಭಾವಮೈದ: ಪಟ್ಟಿ ಬಿಚ್ಚಿದ್ರಂತೆ. ಈಗ ಹೇಳಿ ಭಾವ, ಗೋಡೆ ಯಾವ ಬಣ್ಣ?

ಮೇಸ್ತ್ರಿ ಅಂಗೈಯಿಂದ ಹೊಸ ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡ.

ಮೇಸ್ತ್ರಿ: ಬಿಳಿ. ಇಡೋ ಬ್ರಷ್ಷು ಕೆಳಗೆ!

ಭಾವಮೈದ: ಇಟ್ಟೆ, ಇಟ್ಟೆ. ಸೋಮವಾರ ಎಡಗಣ್ಣಿಗೂ ಆಪರೇಷನ್ ಅಲ್ವಾ? ಆಮೇಲೆ ಬಂದು ತಗೋತೀನಿ.

ಮೇಸ್ತ್ರಿ: ಯಾವ ಆಪರೇಷನ್ನೂ ಇಲ್ಲ, ಗೀಪರೇಷನ್ನೂ ಇಲ್ಲ! ಸರಿಯಾಗಿ ಕಾಣೋ ಕಣ್ಣು ಉಳಿದಿರೋದೇ ಇದೊಂದು!